ನಾನು ಕೊಟ್ಟ ಕಿಡ್ನಿ, ಅವರ ಕೈ ನಡುಕ

ಮೊದಲು ಕೆಟ್ಟದ್ದು ಬಾಯಿರುಚಿ. ಏನು ಬಡಿಸಿದರೂ ಇವರು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದರು. ಸಾರಿನಲ್ಲಿ ತಾಮ್ರದ ರುಚಿ ಬರುತ್ತದೆ ಎನ್ನುತ್ತಿದ್ದರು. ಇವರು ಅಂದರೆ ನನ್ನ ಗಂಡ ವಸಂತ. ಯಲ್ಲಾಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರು. ಸುಟ್ಟ ಪಂಪ್‌ಸೆಟ್ಟು, ಫ್ಯಾನು, ಮಿಕ್ಸರು ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ದಿನವಿಡೀ ತಾಮ್ರದ ತಂತಿಯನ್ನು ಹಲ್ಲಲ್ಲಿ ಕಚ್ಚುವವರಿಗೆ ಬಾಯಲ್ಲಿ ಇನ್ಯಾವ ರುಚಿ ಬರಬೇಕು ಎಂದು ನಾನು ನಕ್ಕಿದ್ದೆ.

ಆಮೇಲೆ ಕಾಲು ಬಾತವು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಾಂತಿಯಾಗಿ, ಬಚ್ಚಲ ಗೋಡೆ ಹಿಡಿದು ಕುಳಿತವರು ಏಳಲಿಲ್ಲ. ತಾಲೂಕು ಆಸ್ಪತ್ರೆಯ ಡಾಕ್ಟರು ಬಿಪಿ ನೋಡಿ, ಯಂತ್ರ ಕೆಟ್ಟಿರಬೇಕೆಂದು ಇನ್ನೊಂದನ್ನು ತರಿಸಿದರು. ಅದೂ ಅಷ್ಟೇ ತೋರಿಸಿತು. ಅದೇ ದಿನ ನಮ್ಮನ್ನು ಹುಬ್ಬಳ್ಳಿಗೆ ಕಳಿಸಿದರು.

ಎರಡೂ ಕಿಡ್ನಿ ಹೋಗಿದ್ದವು.

ಎಷ್ಟೋ ವರ್ಷಗಳಿಂದ ಬಿಪಿ ಇತ್ತಂತೆ. ನಮಗೆ ಗೊತ್ತೇ ಇರಲಿಲ್ಲ. ಇವರು ಜ್ವರಕ್ಕೂ ಮಾತ್ರೆ ನುಂಗದ ಮನುಷ್ಯ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು, ಇಬ್ಬರೂ.

ನಮ್ಮ ಮನೆ ಇರುವುದು ಇಡಗುಂದಿಯ ಹತ್ತಿರ. ಊರಿನ ಅಂಚೆ ಕಚೇರಿಯಲ್ಲಿ ನಾನು ಬ್ರಾಂಚ್ ಪೋಸ್ಟ್‌ಮಾಸ್ಟರ್. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮಗಳು ಅಶ್ವಿನಿ ಶಿರಸಿಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ಡಯಾಲಿಸಿಸ್ ಶುರುವಾದ ಮೇಲೆ ವಾರಕ್ಕೆ ಮೂರು ಸಲ ತಾಲೂಕು ಆಸ್ಪತ್ರೆಗೆ ಹೋಗಿ ಬರಬೇಕಾಯಿತು. ಅಂಗಡಿಯ ಶಟರು ಅರ್ಧ ವಾರ ಮುಚ್ಚಿಯೇ ಇರುತ್ತಿತ್ತು.

ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ನಮ್ಮ ಮದುವೆಯ ಒಳ್ಳೆಯ ದಿನಗಳು ಅವೇ. ಡಯಾಲಿಸಿಸ್‌ಗೆಂದು ಇವರ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದರು. ರಕ್ತನಾಳಗಳನ್ನು ಜೋಡಿಸಿದ ಆ ಜಾಗದಲ್ಲಿ ಕೈಯಿಟ್ಟರೆ ಒಳಗೆ ಗುಂಯ್ ಎಂದು ಅದುರುತ್ತದೆ. ನನ್ನ ಬೆರಳನ್ನು ಅದರ ಮೇಲಿಟ್ಟು, ನೋಡು, ಅರ್ಧ ಎಚ್‌ಪಿ ಮೋಟಾರು, ಬೇರಿಂಗ್ ಸರಿ ಇದೆ ಎನ್ನುತ್ತಿದ್ದರು. ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ನಾಲ್ಕು ಜನರೆದುರು ಹೀಗೆ ಒರಗಲು ನಮಗೆ ಕಾಯಿಲೆಯೇ ಬರಬೇಕಾಯಿತು.

ಕಿಡ್ನಿ ಬದಲಾಯಿಸಬಹುದು, ಮನೆಯವರಲ್ಲಿ ಯಾರಾದರೂ ಕೊಟ್ಟರೆ ಒಳ್ಳೆಯದು ಎಂದರು ಹುಬ್ಬಳ್ಳಿಯ ಡಾಕ್ಟರು. ಅತ್ತೆಗೆ ವಯಸ್ಸಾಗಿತ್ತು. ಮೈದುನ ರಮೇಶನದ್ದು ಇವರದೇ ರಕ್ತದ ಗುಂಪು. ಅವನು ಮೊದಲು ಹೂಂ ಎಂದ. ಒಂದೆರಡು ಪರೀಕ್ಷೆಗೂ ಬಂದ. ಆಮೇಲೆ ಫೋನ್ ಎತ್ತುವುದು ಬಿಟ್ಟ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೆದರುವುದು ಮನುಷ್ಯನಿಗೆ ಸಹಜ. ನನಗೆ ಇಂದಿಗೂ ಇಳಿಯದಿರುವುದು ಅತ್ತೆಯ ಮಾತು. ಅವರು ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದರು:

"ರಮೇಶಂಗೆ ಸಣ್ಣ ಸಣ್ಣ ಮಕ್ಕಳು. ಅವ ದುಡಿಯೂ ಗಂಡಸು. ನೀನಾದ್ರೆ ಮನೆಲಿರೂದು. ನಿಂದು ಆಗ್ತದಾ ನೋಡಿಸು."

ಮನೆಯಲ್ಲಿರುವವಳಂತೆ. ಇಡೀ ಊರಿನ ಪಿಂಚಣಿ ನನ್ನ ಕೈಯಿಂದ ಬಟವಾಡೆಯಾಗುತ್ತದೆ.

ಸಿದ್ದಾಪುರದಲ್ಲಿರುವ ನನ್ನ ಅಣ್ಣ ಬಂದು ಬೇಡವೇ ಬೇಡ ಎಂದ. ಆದರೆ ಅಷ್ಟರಲ್ಲಿ ನಾನು ಪರೀಕ್ಷೆ ಮಾಡಿಸಿಕೊಂಡಾಗಿತ್ತು. ಎಲ್ಲವೂ ಹೊಂದುತ್ತಿತ್ತು. ಒಪ್ಪಿಗೆ ಕೊಡುವ ಸಮಿತಿಯವರು ನನ್ನೊಬ್ಬಳನ್ನೇ ಒಳಗೆ ಕರೆದು, ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜವೇ. ಇವರು ನನ್ನನ್ನು ಒಂದು ಸಲವೂ ಕೇಳಿರಲಿಲ್ಲ. ಕೊಡು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಸ್ಸಿನಲ್ಲಿ ಹೆಗಲಿಗೆ ಒರಗುವ ಆ ತಲೆ ಇನ್ನಷ್ಟು ವರ್ಷ ಇರಲಿ ಎಂದು ನಾನೇ ಆಸೆಪಟ್ಟೆ. ಆಸೆಗೆ ಯಾರ ಒತ್ತಾಯ ಬೇಕು.

ಆಪರೇಷನ್ ಚೆನ್ನಾಗಿಯೇ ಆಯಿತು. ನನ್ನ ಎಡಗಡೆಯದನ್ನು ತೆಗೆದು ಇವರ ಬಲ ಕಿಬ್ಬೊಟ್ಟೆಯಲ್ಲಿ ಕೂರಿಸಿದರು. ಟೇಬಲಿನ ಮೇಲೆಯೇ ಹೊಸ ಕಿಡ್ನಿಯಿಂದ ಮೂತ್ರ ಬಂತಂತೆ. ಎಚ್ಚರವಾದಾಗ ಯಾರೋ ನನಗೆ ಅದನ್ನು ಹೇಳಿದರು, ಮಗು ಹುಟ್ಟಿದ ಸುದ್ದಿ ಹೇಳುವ ಹಾಗೆ. ನನಗೆ ಅಳು ಬಂತು. ನೋವಿಗೋ ಸಂತೋಷಕ್ಕೋ ಗೊತ್ತಿಲ್ಲ. ನೋವು ವಿಪರೀತ ಇತ್ತು.

ನನ್ನನ್ನು ಬೇಗ ಬಿಡುಗಡೆ ಮಾಡಿದರು. ಕೊಟ್ಟವರು ಪೇಶಂಟ್ ಅಲ್ಲವಲ್ಲ. ಮನೆಗೆ ಬಂದವಳು ನಾಲ್ಕು ದಿನ ಮಲಗಿದೆ, ಅಷ್ಟೇ. ಇವರು ಬರುವುದರೊಳಗೆ ಕೋಣೆಗೆ ಸುಣ್ಣ ಹೊಡೆಸಬೇಕು, ಬೇರೆ ಪಾತ್ರೆ, ಬೇರೆ ಹಾಸಿಗೆ, ಕುದಿಸಿ ಆರಿಸಿದ ನೀರು. ಮಗಳು ಕಾಲೇಜಿಗೆ ರಜೆ ಹಾಕಿ ಬಂದು ಭಾರವಾದದ್ದನ್ನೆಲ್ಲ ಎತ್ತಿಟ್ಟಳು. ಆಮೇಲೆ ನೋಡಲು ಬಂದವರೆಲ್ಲ ನನ್ನ ಕೈಯಿಂದ ಚಹಾ ತೆಗೆದುಕೊಂಡು ಇವರ ಆರೋಗ್ಯ ವಿಚಾರಿಸಿದರು. ಬಗ್ಗಿದರೆ ಪಕ್ಕೆಯಲ್ಲಿ ಚಾಕು ತಿರುಗಿದಂತಾಗುತ್ತಿತ್ತು. ಹಾಗೆಂದು ಅತ್ತೆಗೆ ಹೇಳಿದಾಗ, ಗಂಡನಿಗೆ ಕೊಟ್ಟದ್ದಲ್ಲವಾ, ಪರರಿಗೆ ಕೊಟ್ಟದ್ದಲ್ಲವಲ್ಲ ಎಂದರು. ಗಂಡನಿಗೆ ಕೊಟ್ಟರೆ ಗಾಯ ಬೇಗ ಒಣಗುತ್ತದೆಯೇನೋ.

ಕೆಲವು ತಿಂಗಳ ಮೇಲೆ ಒಂದು ಮಹಿಳಾ ಮಂಡಳದವರು ನನಗೆ ಸನ್ಮಾನ ಇಟ್ಟರು. ಶಾಲು, ಹಣ್ಣಿನ ಬುಟ್ಟಿ, ಭಾಷಣ. ಪುರಾಣದ ಪತಿವ್ರತೆಯರ ಸಾಲಿನಲ್ಲಿ ಕೂರಿಸಿ ಮಾತಾಡಿದರು. ಇವರನ್ನೂ ವೇದಿಕೆಗೆ ಕರೆದು ನನ್ನ ಪಕ್ಕ ಕೂರಿಸಿದರು. ಮಾಸ್ಕ್ ಹಾಕಿಕೊಂಡು, ತಲೆ ತಗ್ಗಿಸಿ ಕೂತಿದ್ದರು. ಮನೆಗೆ ಬಂದ ಮೇಲೆ ಇನ್ನು ಇಂಥದಕ್ಕೆಲ್ಲ ತಾನು ಬರುವುದಿಲ್ಲ ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋದರು. ಸೋಂಕು ತಗಲಬಾರದೆಂದು ಬೇರೆ ಮಾಡಿದ ಕೋಣೆ ಅದು. ಬೇರೆ ಇರಬೇಕಾದ ಅವಧಿ ಮುಗಿದು ಎಷ್ಟೋ ದಿನವಾಗಿತ್ತು. ಇವರು ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಕರೆಯುವ ಪುರುಸೊತ್ತಾದರೂ ಎಲ್ಲಿತ್ತು. ಬೆಳಿಗ್ಗೆ ಎದ್ದರೆ ಮಾತ್ರೆ, ನೀರಿನ ಅಳತೆ, ಉಪ್ಪಿನ ಅಳತೆ, ಬಿಪಿ, ತೂಕ. ಅಂಗಡಿಗೆ ಬರುವ ಗಿರಾಕಿ ಕೆಮ್ಮಿದರೆ ನನಗೆ ಗೊತ್ತಾಗಬೇಕು. ಮದುವೆ ಮನೆ ಊಟ ಬೇಡ, ಹೋಟೆಲಿನ ಚಹಾ ಬೇಡ. ಓಪಿಡಿಯಲ್ಲಿ ಡಾಕ್ಟರು ಪ್ರಶ್ನೆ ಕೇಳಿದರೆ ಇವರು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಹೇಳುತ್ತಿದ್ದೆ. ಒಮ್ಮೆ ಇವರು ಸ್ನೇಹಿತರ ಜೊತೆ ಪೇಟೆಯಲ್ಲಿ ಮಿರ್ಚಿಭಜಿ ತಿನ್ನುತ್ತಿದ್ದರು. ಹೋಗಿ ಪೊಟ್ಟಣವನ್ನು ಕೈಯಿಂದ ತೆಗೆದುಕೊಂಡು, ನನ್ನ ಕಿಡ್ನಿ ಹಾಳು ಮಾಡಬೇಡಿ ಎಂದೆ. ಸ್ನೇಹಿತರು ನಕ್ಕರು. ಇವರು ನಗಲಿಲ್ಲ. ಅಂದದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಇಲ್ಲ. ಅದು ನನ್ನದೇ ಆಗಿತ್ತು.

ಈ ನಡುವೆ ಇವರ ಕೈ ನಡುಗತೊಡಗಿತ್ತು. ಹೊಸ ಕಿಡ್ನಿಯನ್ನು ಮೈ ಹೊರಗೆ ತಳ್ಳದಿರಲಿ ಎಂದು ಕೊಡುವ ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತದಂತೆ. ಕಪ್ಪಿನ ಚಹಾ ಬಸಿಗೆ ಚೆಲ್ಲುತ್ತಿತ್ತು. ಜೀವ ಉಳಿದವರಿಗೆ ಚಹಾ ಚೆಲ್ಲುವುದು ಯಾವ ಲೆಕ್ಕ ಎಂದು ನಾನು ಒರೆಸಿ ಹಾಕಿದೆ. ಡಾಕ್ಟರಿಗೆ ಹೇಳಬೇಕಾದ ಸಂಗತಿ ಎಂದೇ ಅನ್ನಿಸಲಿಲ್ಲ. ಆದರೆ ಕೂದಲಿನಂಥ ತಂತಿಯನ್ನು ಒಂದರ ಪಕ್ಕ ಒಂದು ಕೂರಿಸಬೇಕಾದ ಕೈ ಅದು. ಸುತ್ತುಗಳು ಒಂದರ ಮೇಲೊಂದು ಹತ್ತಿದರೆ ಮೋಟಾರು ಮತ್ತೆ ಸುಡುತ್ತದೆ. ಇವರು ತಂತಿ ಸುತ್ತಿ ಕಟ್ಟಿದ ಪಂಪು ಹತ್ತು ವರ್ಷ ಬಾಳುತ್ತದೆ ಎಂದು ಜನ ದೂರದಿಂದ ಹೊತ್ತು ತರುತ್ತಿದ್ದರು. ಈಗ ವಾರದಲ್ಲೇ ವಾಪಸು ಬರತೊಡಗಿದವು. ಬೇಸಿಗೆಯಲ್ಲಿ ಒಬ್ಬರು ಪಂಪನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು, ಏನೂ ಅನ್ನದೆ ಹೋದರಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವರು ಊಟ ಮಾಡುತ್ತಾ ಹೇಳಿದ್ದು ನೆನಪಿದೆ. ನಾನು ಅನ್ನ ಬಡಿಸುತ್ತಿದ್ದೆ. ಉಪ್ಪಿಲ್ಲದ ಪಲ್ಯ ಇನ್ನೂ ಸ್ವಲ್ಪ ಹಾಕಲಾ ಎಂದು ಕೇಳಿದೆ.

ಆಮೇಲೆ ನಿಧಾನವಾಗಿ ನಡುಕ ಕಡಿಮೆಯಾಯಿತು. ಮೈಗೆ ಔಷಧ ಒಗ್ಗಿತು ಎಂದುಕೊಂಡೆ. ಸ್ವರ್ಣವಲ್ಲಿ ಮಠಕ್ಕೆ ಹೋಗಿ ಕೈಮುಗಿದು ಬಂದೆ. ಇವರು ಸಂಜೆ ತಡವಾಗಿ ಬರತೊಡಗಿದರು, ಅಂಗಿಯಲ್ಲಿ ವಾರ್ನಿಶ್ ವಾಸನೆ. ಒಂದು ದಿನ ಸ್ನಾನ ಮಾಡುತ್ತಾ ಏನೋ ಹಾಡು ಗುನುಗಿದರು. ಅತ್ತೆ ನನ್ನ ಮುಖ ನೋಡಿದರು. ಮನೆ ಮತ್ತೆ ಮನೆಯಾಗುತ್ತಿದೆ ಎಂದುಕೊಂಡೆ.

ಅದರ ಮುಂದಿನ ರಕ್ತಪರೀಕ್ಷೆಯಲ್ಲಿ, ಕಿಡ್ನಿ ಕೆಟ್ಟಷ್ಟೂ ಏರುವ ಕ್ರಿಯಾಟಿನಿನ್ ದುಪ್ಪಟ್ಟಾಗಿತ್ತು.

ಹುಬ್ಬಳ್ಳಿಯಲ್ಲಿ ಅಡ್ಮಿಟ್ ಮಾಡಿಕೊಂಡರು. ಕಿಡ್ನಿಗೆ ಸೂಜಿ ಹಾಕಿ ಬಯಾಪ್ಸಿ ತೆಗೆದರು. ನಾನು ಏನೇನೋ ಹುಡುಕುತ್ತಿದ್ದೆ: ನೀರು ಸರಿಯಾಗಿ ಕುದಿಯಲಿಲ್ಲವೋ, ಯಾರ ಕೆಮ್ಮು ತಗಲಿತೋ. ಡಾಕ್ಟರು ರಿಪೋರ್ಟು ಹಿಡಿದುಕೊಂಡು ಬಂದು ಮಂಚದ ತುದಿಯಲ್ಲಿ ನಿಂತರು. ನನ್ನನ್ನು ನೋಡಲಿಲ್ಲ, ಇವರನ್ನೇ ನೋಡಿದರು.

"ಗುಳಿಗಿ ರಕ್ತದಾಗ ಇಲ್ಲೇ ಇಲ್ಲರೀ. ಎಷ್ಟು ದಿನಾ ಆತು ಬಿಟ್ಟು?"

ಇವರು ಸುಳ್ಳು ಹೇಳಲಿಲ್ಲ. ಎರಡು ತಿಂಗಳ ಮೇಲಾಯಿತು ಎಂದರು.

ನಾನು ಕೊಟ್ಟ ಮಾತ್ರೆಯನ್ನು ನನ್ನೆದುರೇ ಬಾಯಿಗೆ ಹಾಕಿ, ನೀರು ಕುಡಿದು, ಬೈಕ್ ಹತ್ತಿ, ಕಾಡಿನ ತಿರುವು ದಾಟಿದ ಮೇಲೆ ಉಗುಳುತ್ತಿದ್ದರಂತೆ. ಸಂಜೆಯದನ್ನು ಕೆಲವು ದಿನ ನುಂಗುತ್ತಿದ್ದರು, ಕೆಲವು ದಿನ ಇಲ್ಲ. ಕೈ ನಡುಕ ನಿಂತದ್ದು ಮೈಗೆ ಔಷಧ ಒಗ್ಗಿದ್ದರಿಂದಲ್ಲ, ಔಷಧವೇ ಇರಲಿಲ್ಲವಾದ್ದರಿಂದ. ನನ್ನ ಕಿಡ್ನಿಯನ್ನು ಇವರ ಮೈ ದಿನವೂ ಸ್ವಲ್ಪ ಸ್ವಲ್ಪ ಕೊಲ್ಲುತ್ತಿತ್ತು. ಅದೇ ದಿನಗಳಲ್ಲಿ ಇವರು ಸ್ನಾನದಲ್ಲಿ ಹಾಡುತ್ತಿದ್ದರು.

ಡಾಕ್ಟರು ಹೋದ ಮೇಲೆ ನಾನು ಕೇಳಿದೆ. ಕೂಗಾಡಲಿಲ್ಲ. ವಾರ್ಡಿನಲ್ಲಿ ಬೇರೆ ಪೇಶಂಟುಗಳಿದ್ದರು.

"ಬೇಡ ಅಂತ ಅವತ್ತೇ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ಸಾಯೂದು ಬೇಡ ಅನ್ಸಿತ್ತು. ಹಾಗಾಗಿ ಸುಮ್ಮನಿದ್ದೆ." ತಮ್ಮ ಬೆರಳುಗಳನ್ನು ನೋಡಿಕೊಂಡು ಹೇಳಿದರು, "ನೀನು ಕಿಡ್ನಿ ಕೊಟ್ಟೆ, ಹೌದು. ಅದಕ್ಕೆ ನನ್ನ ಕೈ ಹೋಯ್ತು. ಕೈ ಇಲ್ದೆ ನಾ ಎಂತ ಮಾಡೂದು ಹೇಳು. ನೀ ಕೊಟ್ಟದ್ದನ್ನ ಕಾಯ್ತಾ ಕೂತಿರೂದಾ?"

"ನನ್ನ ಹತ್ರ ಹೇಳ್ಬಹುದಿತ್ತು."

"ಯಾರ ಹತ್ರ? ಹೆಂಡ್ತಿ ಎಲ್ಲಿದ್ಳು ಮನೇಲಿ? ಕಿಡ್ನಿ ಕಾಯುವವಳಿದ್ಳು."

ನಾನು ಎದ್ದು ಹೊರಗೆ ಬಂದೆ. ಕಾರಿಡಾರಿನಲ್ಲಿ ಬೆಂಚಿತ್ತು, ಕೂತೆ. ಇಷ್ಟು ವರ್ಷ ಒಟ್ಟಿಗಿದ್ದವರಿಗೆ ಒಬ್ಬರನ್ನೊಬ್ಬರು ಎಲ್ಲಿ ಚುಚ್ಚಿದರೆ ಹೆಚ್ಚು ನೋಯುತ್ತದೆ ಎಂದು ಗೊತ್ತಿರುತ್ತದೆ. ಪೂರ್ತಿ ಸುಳ್ಳಾಗಿದ್ದರೆ ನಕ್ಕು ಬಿಡಬಹುದಿತ್ತು. ಅರ್ಧ ನಿಜವಾಗಿತ್ತು. ಆದರೆ ಆ ಅರ್ಧ ನಿಜಕ್ಕಾಗಿ ನನ್ನ ಮೈಯ ಒಂದು ಭಾಗವನ್ನು ಕಾಡಿನ ತಿರುವಿನಲ್ಲಿ ಉಗುಳಿ ಬರಬೇಕಾಗಿತ್ತೇ?

ದೊಡ್ಡ ಡೋಸಿನ ಸ್ಟಿರಾಯ್ಡ್ ಇಂಜೆಕ್ಷನ್ ಶುರು ಮಾಡಿದರು. ಕಿಡ್ನಿ ಉಳಿಯುತ್ತದೋ ಇಲ್ಲವೋ ಎಂದು ಗೊತ್ತಾಗುವ ಮೊದಲೇ ನಾನು ಮೈದುನನಿಗೆ ಫೋನ್ ಮಾಡಿದೆ. ಈ ಸಲ ಎತ್ತಿದ. ನಿನ್ನ ಅಣ್ಣನನ್ನು ನೀನು ನೋಡಿಕೋ ಎಂದು ಹೇಳಿ, ಅವನು ಬಂದ ಮೇಲೆ ಬಸ್ ಹತ್ತಿ ಸಿದ್ದಾಪುರದ ಅಣ್ಣನ ಮನೆಗೆ ಹೋದೆ. ಇವರಿಗೆ ಹೇಳಿಯೇ ಹೋದೆ. ಇವರು ಗೋಡೆ ಕಡೆ ತಿರುಗಿ ಮಲಗಿದ್ದರು.

ಅಲ್ಲಿ ಎಷ್ಟು ದಿನ ನಿದ್ದೆ ಮಾಡಿದೆನೋ. ಅತ್ತಿಗೆ ಉಪ್ಪು, ಹುಳಿ, ಖಾರ ಹಾಕಿ ಬಡಿಸುತ್ತಿದ್ದಳು. ಇಷ್ಟು ದಿನ ಇವರ ಜೊತೆ ನಾನೂ ಸಪ್ಪೆ ತಿನ್ನುತ್ತಿದ್ದೆನೆಂದು ಆಗ ಅರಿವಿಗೆ ಬಂತು. ಹಾಗೆ ತಿನ್ನು ಎಂದು ಯಾರೂ ಹೇಳಿರಲಿಲ್ಲ. ಅಣ್ಣ, ಇನ್ನು ಅಲ್ಲಿಗೆ ಹೋಗುವುದು ಬೇಡ, ಕೊಟ್ಟದ್ದು ಸಾಕು ಎಂದ. ಅತ್ತೆ ಫೋನ್ ಮಾಡಿ ಮಗನಿಗೆ ಪಥ್ಯದ ಅಡುಗೆ ಯಾರು ಮಾಡುವುದು ಎಂದು ಕೇಳಿದರು. ಮಾಡುವುದು ಹೇಗೆ ಎಂದು ಹೇಳಿಕೊಟ್ಟು ಫೋನ್ ಇಟ್ಟೆ. ಮಗಳು ಒಂದು ಭಾನುವಾರ ಶಿರಸಿಯಿಂದ ಬಂದಳು. ಅವಳು ಅಪ್ಪನ ಪರವೂ ಮಾತಾಡಲಿಲ್ಲ, ನನ್ನ ಪರವೂ ಇಲ್ಲ. ನನ್ನ ಕೂದಲಿಗೆ ಎಣ್ಣೆ ಹಚ್ಚುತ್ತಾ ಹೇಳಿದಳು:

"ಅಮ್ಮಾ, ನೀವಿಬ್ರೂ ಬೇರೆ ಇದ್ರೂ ಅಡ್ಡಿಲ್ಲ ನಂಗೆ. ಆದ್ರೆ ಅಪ್ಪ ಸತ್ರೆ ನೀನು ಕಿಡ್ನಿಗೆ ಅಳ್ತೀಯೋ ಅಪ್ಪಂಗೆ ಅಳ್ತೀಯೋ, ಅದೊಂದು ಯೋಚನೆ ಮಾಡು."

ಕೆನ್ನೆಗೆ ಹೊಡೆಯಬೇಕೆನ್ನಿಸಿತು.

ಕಿಡ್ನಿ ಉಳಿಯಿತು. ಪೂರ್ತಿ ಅಲ್ಲ. ಕ್ರಿಯಾಟಿನಿನ್ ಸ್ವಲ್ಪ ಇಳಿದು ಒಂದು ಕಡೆ ನಿಂತಿತು. ಅದರ ಆಯುಸ್ಸಿನಿಂದ ಎಷ್ಟು ವರ್ಷ ಹೋಯಿತೆಂದು ಯಾರೂ ಹೇಳಲಾರರು ಎಂದು ಮೈದುನನ ಫೋನಿನಲ್ಲಿ ಡಾಕ್ಟರು ನನಗೆ ಹೇಳಿದರು. ನಡುಕದ ವಿಷಯ ಗೊತ್ತಾದ ಮೇಲೆ ಬೇರೆ ತರದ ಮಾತ್ರೆ ಬರೆದುಕೊಟ್ಟಿದ್ದರು. ನಡುಕ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಕೇಳಿದ್ದಕ್ಕೆ, ಮಾತಾಡುವುದೆಲ್ಲ ಹೆಂಡತಿಯೇ ಎಂದರಂತೆ.

ಒಂದು ಮಧ್ಯಾಹ್ನ ಇವರು ಸಿದ್ದಾಪುರಕ್ಕೆ ಬಂದರು. ಒಬ್ಬರೇ, ಬಸ್ಸಿನಲ್ಲಿ, ಮುಖಕ್ಕೆ ಮಾಸ್ಕ್, ಕೈಯಲ್ಲಿ ಮಾತ್ರೆಯ ಚೀಲ. ಸ್ಟಿರಾಯ್ಡಿನಿಂದ ಮುಖ ಊದಿಕೊಂಡು ಗುರುತೇ ಸಿಗದಂತಾಗಿತ್ತು. ಅಣ್ಣ ಒಳಗೆ ಬಾ ಎನ್ನಲಿಲ್ಲ. ಜಗಲಿಯಲ್ಲೇ ಕೂತರು. ನಾನು ನೀರು ತಂದಿಟ್ಟೆ. ಕ್ಷಮಿಸು ಎಂದು ಹೇಳುತ್ತಾರೆ, ಹೇಳಿದರೆ ಏನೆನ್ನಬೇಕು ಎಂದು ಯೋಚಿಸುತ್ತಿದ್ದೆ. ಹೇಳಲಿಲ್ಲ.

"ನಿನ್ನ ಪಕ್ಕೆ ಈಗ್ಲೂ ನೋಯ್ತದಾ?" ಎಂದರು.

"ಮೋಡ ಕಟ್ಟಿದ್ರೆ ನೋಯ್ತದೆ. ಇಷ್ಟು ದಿನ ಕೇಳ್ಲಿಲ್ಲ ನೀವು."

"ಕೇಳ್ಲಿಕ್ಕೆ ಹೆದರಿಕೆ. ಹೌದು ಅಂದ್ರೆ ನಾ ಎಂತ ಕೊಡೂದು?"

ನನಗೆ ಕರುಣೆ ಬರಲಿಲ್ಲ. ಸಿಟ್ಟೇ ಬಂತು. ಒಂದು ಮಾತು ಕೇಳಲು ಏನನ್ನು ಕೊಡಬೇಕಿತ್ತು ಈ ಮನುಷ್ಯ? ಅದನ್ನು ಹಾಗೇ ಹೇಳಿದೆ. ಇನ್ನೂ ಬಹಳ ಹೇಳಿದೆ. ಅತ್ತೆಯ ಮಾತು, ಗಾಯ, ಚಹಾ, ಬೇರೆ ಕೋಣೆ, ಕಾಡಿನ ತಿರುವು. ಇವರು ಎಲ್ಲವನ್ನೂ ಕೇಳಿಸಿಕೊಂಡರು. ಮಧ್ಯೆ ಒಮ್ಮೆ, ಶಾಲು ಹೊದಿಸಿದ ದಿನ ತನಗೆ ಹೇಗಾಗಿತ್ತೆಂದು ಹೇಳಿದರು. ನಾನೂ ಕೇಳಿಸಿಕೊಂಡೆ. ಒಪ್ಪಲಿಲ್ಲ, ಕೇಳಿಸಿಕೊಂಡೆ. ಅಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಯಿತು, ಇವರು ಹೊರಟರು. ನಾನು ಜೊತೆಗೆ ಹೋಗಲಿಲ್ಲ.

ಅಂಚೆ ಕಚೇರಿಗೆ ಹಾಕಿದ್ದ ರಜೆ ಮುಗಿದ ಮೇಲೆ ಮನೆಗೆ ಹೋದೆ. ಇವರಿಗಾಗಿ ಹೋದೆನೋ ನನ್ನ ಕೆಲಸಕ್ಕಾಗಿ ಹೋದೆನೋ ಎಂದು ಅಣ್ಣ ಕೇಳಿದ. ಎರಡಕ್ಕೂ ಎಂದೆ. ಹೋಗಿ ಇವರಿಗೆ ಒಂದೇ ಮಾತು ಹೇಳಿದೆ: ನಿಮ್ಮ ಮಾತ್ರೆ ನಿಮ್ಮದು, ನಿಮ್ಮ ಡಾಕ್ಟರು ನಿಮ್ಮವರು, ನುಂಗುವುದಾದರೂ ಉಗುಳುವುದಾದರೂ ನಾನು ನೋಡುವುದಿಲ್ಲ. ಇವರು ಹೂಂ ಎಂದರು. ಮೊದಮೊದಲು ಬೆಳಿಗ್ಗೆ ಮಾತ್ರೆಯ ಹೊತ್ತಾದರೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದೆ. ಈಗ ಸ್ವಲ್ಪ ಅಭ್ಯಾಸವಾಗಿದೆ. ಇವರು ದಪ್ಪ ತಂತಿಯ ಪಂಪುಗಳನ್ನು ಮಾತ್ರ ಕಟ್ಟುತ್ತಾರೆ. ಫ್ಯಾನು, ಮಿಕ್ಸರು ಬಂದರೆ ಶಿರಸಿಗೆ ಒಯ್ಯಿರಿ ಎನ್ನುತ್ತಾರೆ. ಹಾಗೆ ಹೇಳಿ ಬಂದ ದಿನ ಮಾತು ಕಡಿಮೆ. ನಾನು ಸಮಾಧಾನ ಹೇಳಲು ಹೋಗುವುದಿಲ್ಲ. ಪಕ್ಕದಲ್ಲಿ ಕೂತಿರುತ್ತೇನೆ, ಕೆಲವು ಸಲ. ಕೋಣೆ ಇನ್ನೂ ಬೇರೆಯೇ. ಬಾಗಿಲು ಹಾಕುವುದಿಲ್ಲ.

ಕಿಡ್ನಿ ಕೊಟ್ಟವರೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು. ಡಿಸ್ಚಾರ್ಜ್ ಮಾಡುವಾಗಲೇ ಹೇಳಿದ್ದರು. ನಾನು ಒಮ್ಮೆಯೂ ಹೋಗಿರಲಿಲ್ಲ, ಯಾರೂ ನೆನಪಿಸಿರಲಿಲ್ಲ. ಕಳೆದ ತಿಂಗಳು ಹೋದೆ. ಇವರು ತಾವಾಗಿಯೇ ಅಂಗಡಿ ಮುಚ್ಚಿ ಜೊತೆಗೆ ಬಂದರು. ಬಸ್ಸಿನಲ್ಲಿ ಯಾರ ಹೆಗಲಿಗೆ ಯಾರೂ ಒರಗಲಿಲ್ಲ. ನರ್ಸ್ ಹೊರಗೆ ಬಂದು ನನ್ನ ಹೆಸರು ಕರೆದು, ಪೇಶಂಟ್ ಜೊತಿ ಯಾರದಾರ್ರಿ ಎಂದು ಕೇಳಿದಳು. ಇವರು ಎದ್ದು ನಿಂತರು.

ನನ್ನ ಬಿಪಿ ಸ್ವಲ್ಪ ಮೇಲಿದೆ. ಕಿಡ್ನಿ, ಇರುವ ಒಂದು, ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಡಾಕ್ಟರು ಸಣ್ಣದೊಂದು ಮಾತ್ರೆ ಬರೆದರು. ಉಪ್ಪು ಕಡಿಮೆ ಮಾಡ್ರಿ, ದಿನಾ ಅಡ್ಡಾಡ್ರಿ ಎಂದರು. ನಾನು ಏಳುವಷ್ಟರಲ್ಲಿ ಇವರು ಬಾಗಿಲ ಹತ್ತಿರ ನಿಂತಲ್ಲಿಂದಲೇ ಡಾಕ್ಟರನ್ನು ಕೇಳಿದರು, ಇವಳು ಮಳೆಗಾಲದಲ್ಲಿ ಬೆಟ್ಟ ಹತ್ತಿ ಸೊಪ್ಪು ತರಬಹುದಾ ಎಂದು. ನಾನು ಜನ್ಮದಲ್ಲಿ ಬೆಟ್ಟ ಹತ್ತಿ ಸೊಪ್ಪು ತಂದವಳಲ್ಲ. ಎಲ್ಲಿಂದ ಹೊಳೆಯಿತೋ ಆ ಪ್ರಶ್ನೆ. ಏನಾದರೊಂದು ಕೇಳಬೇಕಿತ್ತು, ಕೇಳಿದ್ದರು. ಡಾಕ್ಟರು ನನ್ನತ್ತ ನೋಡಿದರು, ಉತ್ತರಕ್ಕೆ. ನಾನು ಬಾಯಿ ತೆರೆಯಲಿಲ್ಲ. ಇವರೇ ಮಾತಾಡಲಿ ಎಂದು ಮತ್ತೆ ಕುರ್ಚಿಯಲ್ಲಿ ಕೂತೆ.